ವೇದವಲ್ಲಿಯ ಮಗಳು

2016ರ ಡಿಸೆಂಬರ್ 5, ಸೋಮವಾರ. ಸಂಜೆ ಐದೂವರೆ ದಾಟಿದೆ. ನೀವು ಮೈಸೂರಿನ ಶ್ರೀರಾಂಪುರದ ಒಂದು ಮನೆಯ ನಡುಮನೆಯಲ್ಲಿ ಕೂತಿದ್ದೀರಿ. ನೆಲಕ್ಕೆ ಹಾಸಿದ ಹಳೇ ಪೇಪರಿನ ಮೇಲೆ ಅವರೆಕಾಯಿ ರಾಶಿ. ಸುತ್ತ ಕೂತು ಸುಲಿಯುತ್ತಿರುವವರ ಬೆರಳೆಲ್ಲ ಅಂಟಂಟು, ಮನೆ ತುಂಬ ಅವರೆಯ ಸೊಗಡು. ಮಾನಂದವಾಡಿ ರಸ್ತೆಯಲ್ಲಿ ಎಚ್.ಡಿ. ಕೋಟೆ ಕಡೆಯ ಬಸ್ಸುಗಳು ಹಾರನ್ ಹೊಡೆಯುತ್ತ ಹೋಗುತ್ತಿವೆ. ಮನೆಯ ಯಜಮಾನರು ಎಟಿಎಂ ಮುಂದೆ ನಿಂತು ನಿಂತು ಬರಿಗೈಯಲ್ಲಿ ಈಗಷ್ಟೇ ವಾಪಸಾಗಿದ್ದಾರೆ. ಐನೂರು, ಸಾವಿರದ ನೋಟು ರದ್ದಾಗಿ ನಾಲ್ಕು ವಾರವಾಯಿತು.

ಟಿವಿ ಪರದೆ ಇದ್ದಕ್ಕಿದ್ದಂತೆ ಕೆಂಪಾಗುತ್ತದೆ. ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಇನ್ನಿಲ್ಲ. ಚೆನ್ನೈಯಲ್ಲಿ ಅವರ ಪಕ್ಷದ ಕಚೇರಿಯ ಬಾವುಟ ಅರ್ಧಕ್ಕೆ ಇಳಿಯುತ್ತದೆ. ಅವರೆ ಸುಲಿಯುವ ಕೈಗಳು ನಿಲ್ಲುತ್ತವೆ. ಇನ್ನೂ ಒಂದು ಬೊಗಸೆ ಕಾಯಿ ಮುಗಿಯುವಷ್ಟರಲ್ಲಿ ಅದೇ ಬಾವುಟ ಮತ್ತೆ ಮೇಲೇರುತ್ತದೆ. ಸುದ್ದಿ ನಿಜವಲ್ಲ, ಚಿಕಿತ್ಸೆ ನಡೆಯುತ್ತಿದೆ ಎಂದು ಅಪೋಲೊ ಆಸ್ಪತ್ರೆ ಹೇಳಿದೆ.

"ನಮ್ಮ ಮೈಸೂರಿನ ಹುಡುಗಿ ಕಣ್ರೋ ಅವಳು," ಎನ್ನುತ್ತಾರೆ ಗೋಡೆಗೊರಗಿ ಕೂತ ಅಜ್ಜಿ.

"ಮೈಸೂರಿನವಳು ಅಂತ ಯಾಕೆ ಹೇಳ್ತೀರ ಅಜ್ಜಿ?" ಮೊಮ್ಮಗನ ದನಿ ಏರುತ್ತದೆ. "ಸೆಪ್ಟೆಂಬರಲ್ಲಿ ನಮ್ಮ ಕೆಆರ್‌ಎಸ್ ನೀರಿಗೆ ಕೋರ್ಟಿಗೆ ಹೋದೋರು ಯಾರು?"

ಹುಡುಗನ ಸಿಟ್ಟು ಹುಸಿಯಲ್ಲ. ಮೂರು ತಿಂಗಳ ಹಿಂದಿನ ಮಾತು: ದಿನಕ್ಕೆ 15,000 ಕ್ಯುಸೆಕ್‌ನಂತೆ ಹತ್ತು ದಿನ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 5ರಂದು ಆದೇಶಿಸಿತು. ಮಂಡ್ಯದಲ್ಲಿ ರೈತರು ಹೆದ್ದಾರಿಗೆ ಕೂತರು. 12ನೇ ತಾರೀಖು ಬೆಂಗಳೂರಿನಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಒಂದೇ ಕಡೆ ಉರಿದುಹೋದವು. ಅದಾಗಿ ಹತ್ತು ದಿನಕ್ಕೆ, 22ರ ರಾತ್ರಿ, ಜಯಲಲಿತಾ ಆಸ್ಪತ್ರೆ ಸೇರಿದರು, ಹೊರಗೆ ಬಂದಿಲ್ಲ. ಅಂದು ಎದುರುಬದುರು ನಿಂತ ಇಬ್ಬರು ಮುಖ್ಯಮಂತ್ರಿಗಳಲ್ಲಿ ಒಬ್ಬರು ಮೈಸೂರು ಪಕ್ಕದ ಸಿದ್ದರಾಮನಹುಂಡಿಯವರು. ಇನ್ನೊಬ್ಬರು ಹುಟ್ಟಿದ್ದು ಮೇಲುಕೋಟೆಯಲ್ಲಿ. ಒಂದೇ ನೀರು ಕುಡಿದು ಕಣ್ಣುಬಿಟ್ಟ ಇಬ್ಬರು ಆ ನೀರಿಗಾಗಿ ದೆಹಲಿಯ ಕಟಕಟೆ ಹತ್ತಿದ್ದನ್ನು ಅಜ್ಜಿಯೂ ಬಲ್ಲರು, ಮೊಮ್ಮಗನೂ ಬಲ್ಲ.

ಅವಳು ನಮ್ಮವಳೋ ಅವರವಳೋ ಎಂಬ ಈ ಜಗಳ ನಲವತ್ತು ವರ್ಷಕ್ಕೂ ಹಳೆಯದು. ಅದರ ಗಲಾಟೆಯಲ್ಲಿ ಇನ್ನೊಬ್ಬ ಹೆಂಗಸಿನ ಕಥೆ ನಮ್ಮ ಕಿವಿಗೆ ಬೀಳದೆ ಹೋಯಿತು ಎಂಬುದು ನನ್ನ ನೋವು. ಈ ರಾತ್ರಿ ಹೇಗೂ ಯಾರಿಗೂ ನಿದ್ದೆಯಿಲ್ಲ. ಏಳಿ, ಕೈ ತೊಳೆದುಕೊಳ್ಳಿ, ಆ ಹೆಂಗಸನ್ನು ನೋಡಿಕೊಂಡು ಬರೋಣ.

ಇದು 1948, ಫೆಬ್ರುವರಿ 24. ಮೇಲುಕೋಟೆಯ ಬೆಟ್ಟದ ಮೇಲೆ ಚಳಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಮೇಲೆ ಯೋಗಾನರಸಿಂಹ, ಕೆಳಗೆ ಚೆಲುವನಾರಾಯಣ, ನಡುವೆ ಕಲ್ಯಾಣಿಯ ಮೆಟ್ಟಿಲು. ಶ್ರೀರಂಗದಿಂದ ಬಂದ ರಾಮಾನುಜಾಚಾರ್ಯರು ನೆಲೆನಿಂತ ಊರು ಇದು. ಬೀದಿಯಲ್ಲಿ ನಿಂತರೆ ಒಂದು ಮನೆಯಿಂದ ಅಯ್ಯಂಗಾರರ ತಮಿಳು, ಎದುರು ಮನೆಯಿಂದ ಮಂಡ್ಯದ ಕನ್ನಡ, ಎರಡೂ ಒಟ್ಟಿಗೆ ಕೇಳುತ್ತವೆ. ಇಲ್ಲಿ ಯಾರೂ ಅದನ್ನು ವಿಚಿತ್ರ ಎಂದುಕೊಳ್ಳುವುದಿಲ್ಲ. ಅಂಥದೊಂದು ಮನೆಯಲ್ಲಿ ವೇದವಲ್ಲಿ ಎಂಬ ತರುಣಿಗೆ ಎರಡನೆಯ ಮಗು ಹುಟ್ಟಿದೆ. ಹೆಣ್ಣು. ಮನೆತನದ ಹೆಸರು ಕೋಮಲವಲ್ಲಿ. ಕರೆಯುವುದು ಅಮ್ಮು ಎಂದು.

ಮಗುವಿನ ತಾತ ನರಸಿಂಹನ್ ರಂಗಾಚಾರಿ ಮೈಸೂರು ಅರಮನೆಯ ವೈದ್ಯರು, ನಾಲ್ವಡಿ ಕೃಷ್ಣರಾಜ ಒಡೆಯರ ಸೇವೆಯಲ್ಲಿದ್ದ ಶಸ್ತ್ರಚಿಕಿತ್ಸಕರು. ಆ ಕಾಲದ ಅರಮನೆ ವೈದ್ಯರೆಂದರೆ ಮೈಸೂರಿನಲ್ಲಿ ಮನೆ, ಮಾನ, ಆಳುಕಾಳು ಎಲ್ಲ ಇದ್ದವರು. ಕುಟುಂಬ ಇದ್ದ ಎರಡು ಮನೆಗಳ ಹೆಸರು ಜಯವಿಲಾಸ, ಲಲಿತವಿಲಾಸ. ವರ್ಷ ತುಂಬಿದಾಗ ಶಾಲೆಗೆ ಬರೆಸಲೆಂದು ಮಗುವಿಗೆ ಇಟ್ಟ ಹೆಸರು ಆ ಎರಡು ಮನೆಗಳದ್ದೇ: ಜಯಲಲಿತಾ.

ಮನೆಗಳ ಹೆಸರು ಮಗಳಿಗೆ ದಕ್ಕಿತು, ಮನೆ ದಕ್ಕಲಿಲ್ಲ. ತಂದೆ ಜಯರಾಮ್ ವಕೀಲಿ ಓದಿದ್ದರು, ಕೋರ್ಟಿನ ಮೆಟ್ಟಿಲು ಹತ್ತಿ ದುಡಿಯಲಿಲ್ಲ. ಇದ್ದದ್ದನ್ನು ಕರಗಿಸಿದರು. ಅಮ್ಮುವಿಗೆ ಎರಡು ವರ್ಷವಾಗುವಾಗ ತೀರಿಕೊಂಡರು.

ಈಗ ಬೆಂಗಳೂರಿಗೆ ಬನ್ನಿ. 1950. ಇಬ್ಬರು ಮಕ್ಕಳನ್ನು ಕರೆದುಕೊಂಡು ವೇದವಲ್ಲಿ ತವರಿಗೆ ಮರಳಿದ್ದಾರೆ. ತಂದೆ ರಂಗಸ್ವಾಮಿ ಅಯ್ಯಂಗಾರ್ ಶ್ರೀರಂಗದ ಕಡೆಯಿಂದ ಎಚ್‌ಎಎಲ್ ಕೆಲಸಕ್ಕೆಂದು ಮೈಸೂರು ಸೀಮೆಗೆ ಬಂದವರು, ಸಂಬಳದ ಸಂಸಾರದವರು. ನೀವು ಹಜಾರದ ಮೂಲೆಯಲ್ಲಿ ನಿಂತು ನೋಡಿ. ಬಿಳಿ ಮೋರೆಯ, ಕುಂಕುಮವಿಲ್ಲದ ಹಣೆಯ, ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಆ ಕಾಲದಲ್ಲಿ ವೈದಿಕ ಮನೆಗಳಲ್ಲಿ ಕೇಶಮುಂಡನ ಪೂರ್ತಿ ನಿಂತಿರಲಿಲ್ಲ. ಮಡಿ ಸೀರೆ, ಒಂದು ಹೊತ್ತಿನ ಊಟ, ಒಳಕೋಣೆಯ ಕತ್ತಲೆ, ಶುಭಕಾರ್ಯಕ್ಕೆ ಎದುರು ಬಾರದ ಬಾಳು. ನೂರಾರು ವಿಧವೆಯರು ಅದನ್ನೇ ಹಣೆಬರಹ ಎಂದುಕೊಂಡು ಸವೆದರು. ಅವರನ್ನು ದೂರುವ ಮಾತೇ ಇಲ್ಲ, ಬೇರೆ ಬಾಗಿಲು ಅವರಿಗೆ ಯಾರೂ ತೆರೆದಿರಲಿಲ್ಲ.

ವೇದವಲ್ಲಿ ಟೈಪಿಂಗ್ ಕಲಿಯಲು ಹೋಗುತ್ತಾರೆ.

ಆ ದೃಶ್ಯದ ಮುಂದೆ ತುಸು ಹೊತ್ತು ನಿಲ್ಲಬೇಕು. ಮೈಸೂರು, ಬೆಂಗಳೂರಿನಲ್ಲಿ ಬೆಳೆದ ಹಿರಿಯರಿಗೆಲ್ಲ ಗೊತ್ತಿರುವ ಕೋಣೆ ಅದು: ಸಾಲು ಮೇಜು, ಸಾಲು ಯಂತ್ರ, ಎಣ್ಣೆಯ ಮತ್ತು ಮಸಿ ರಿಬ್ಬನ್ನಿನ ವಾಸನೆ, ಗಂಟೆ ಹೊಡೆದರೆ ಒಂದು ತಂಡ ಎದ್ದು ಇನ್ನೊಂದು ತಂಡ ಕೂರುವುದು. ಎ ಎಸ್ ಡಿ ಎಫ್ ಜಿ ಎಫ್. ಎ ಎಸ್ ಡಿ ಎಫ್ ಜಿ ಎಫ್. ಕಿರುಬೆರಳಿಗೆ ಬಲ ಸಾಲದೆ 'ಎ' ಅಕ್ಷರ ಮಸುಕಾಗಿ ಮೂಡುತ್ತದೆ. ಮತ್ತೆ ಹೊಡೆಯಬೇಕು. ಜೊತೆಗೆ ಶಾರ್ಟ್‌ಹ್ಯಾಂಡ್. ಅಕ್ಕಪಕ್ಕ ಕೂತವರೆಲ್ಲ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರು ಎಂದು ಊಹಿಸಿಕೊಳ್ಳಿ. ಅವರ ನಡುವೆ ಎರಡು ಮಕ್ಕಳ ತಾಯಿ, ಗುಮಾಸ್ತೆಯ ಕೆಲಸವೊಂದಕ್ಕಾಗಿ ಬೆರಳು ಪಳಗಿಸುತ್ತಿದ್ದಾರೆ. ದಕ್ಷಿಣ ಭಾರತದ ರಾಜಕೀಯವನ್ನು ಕಾಲು ಶತಮಾನ ಅಲುಗಾಡಿಸಿದ ಒಂದು ಬದುಕಿನ ಬುನಾದಿ ಬಿದ್ದದ್ದು ಅರಮನೆ ವೈದ್ಯರ ಮನೆಯಲ್ಲಿ ಅಲ್ಲ, ಎಂ.ಜಿ.ಆರ್. ನೆರಳಿನಲ್ಲೂ ಅಲ್ಲ. ಇಲ್ಲಿ ಬಿತ್ತು ಎಂದೇ ನಾನು ನಂಬುತ್ತೇನೆ.

ತಂಗಿ ಅಂಬುಜವಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಗಗನಸಖಿಯಾಗಿ ಮದ್ರಾಸು ಸೇರಿ, ವಿದ್ಯಾವತಿ ಎಂಬ ಹೆಸರಿನಲ್ಲಿ ನಾಟಕ, ಸಿನಿಮಾ ಹಿಡಿದಿದ್ದಾರೆ. ಅಲ್ಲಿಗೆ ಬಾ ಎಂದು ಅಕ್ಕನನ್ನೂ ಕರೆಯುತ್ತಾರೆ. 1952ರಲ್ಲಿ ವೇದವಲ್ಲಿ ಹೊರಡುತ್ತಾರೆ. ಮೊದಲು ಕಚೇರಿ ಕೆಲಸ, ಆಮೇಲೆ ಬಣ್ಣ. ಬೆಳ್ಳಿತೆರೆಯ ಹೆಸರು ಸಂಧ್ಯಾ. ಅಮ್ಮು ಇಲ್ಲೇ ಉಳಿಯುತ್ತಾಳೆ, ಅಜ್ಜ ಅಜ್ಜಿಯ ಜೊತೆ, ಚಿಕ್ಕಮ್ಮ ಪದ್ಮವಲ್ಲಿಯ ಮಡಿಲಲ್ಲಿ. ಓದುವುದು ಬೆಂಗಳೂರಿನ ಬಿಷಪ್ ಕಾಟನ್ ಬಾಲಕಿಯರ ಶಾಲೆಯಲ್ಲಿ.

ತಾಯಿ ಆಗೀಗ ಮದ್ರಾಸಿನಿಂದ ಬಂದು ಹೋಗುತ್ತಾರೆ. ಹಾಗೆ ಬಂದು ಹೊರಡಲಿರುವ ಒಂದು ರಾತ್ರಿ ನೀವು ಆ ಮನೆಯಲ್ಲಿದ್ದೀರಿ. ದೀಪ ಸಣ್ಣದಾಗಿದೆ. ಚಾಪೆಯ ಮೇಲೆ ತಾಯಿ, ಪಕ್ಕದಲ್ಲಿ ಮಗಳು. ಅಮ್ಮ ಎದ್ದು ಹೋಗಿಬಿಟ್ಟರೆ ತಿಳಿಯಲಿ ಎಂದು ಹುಡುಗಿ ಅಮ್ಮನ ಸೆರಗನ್ನು ಕೈಗೆ ಸುತ್ತಿ ಗಂಟು ಹಾಕಿಕೊಂಡು ಮಲಗಿದ್ದಾಳೆ. ಗಂಟು ಬಿಚ್ಚಿದರೆ ಎಚ್ಚರವಾಗುತ್ತದೆ. ವೇದವಲ್ಲಿ ಉಸಿರು ಬಿಗಿಹಿಡಿದು ಸೀರೆಯನ್ನೇ ಮೈಯಿಂದ ಬಿಚ್ಚುತ್ತಾರೆ. ಪದ್ಮವಲ್ಲಿ ಅದೇ ಸೀರೆ ಸುತ್ತಿಕೊಂಡು ಅಕ್ಕನ ಜಾಗದಲ್ಲಿ ಮಲಗುತ್ತಾರೆ. ತಾಯಿ ಬೇರೆ ಸೀರೆ ಉಟ್ಟು ಬಾಗಿಲು ದಾಟುತ್ತಾರೆ. ಬೆಳಗ್ಗೆ ಎದ್ದಾಗ ಗಂಟು ಹಾಗೇ ಇದೆ, ಅಮ್ಮ ಇಲ್ಲ.

ಇದನ್ನು ಮುಖ್ಯಮಂತ್ರಿಯಾಗಿ ಆಳಿ ಇಳಿದಿದ್ದ ಜಯಲಲಿತಾ 1999ರಲ್ಲಿ ಸಿಮಿ ಗರೇವಾಲ್ ಎದುರು ಕೂತು ಟಿವಿಯಲ್ಲಿ ಹೇಳಿದರು. ಆ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಸೀರೆಯ ಗಂಟು ಮರೆತಿರಲಿಲ್ಲ.

1957ರ 'ಮಾಯಾಬಜಾರ್' ನೋಡಿದ್ದೀರಲ್ಲ? ಎನ್.ಟಿ. ರಾಮರಾವ್ ಕೃಷ್ಣ. ಪಕ್ಕದಲ್ಲಿ ರುಕ್ಮಿಣಿಯಾಗಿ ನಿಂತವರು ಸಂಧ್ಯಾ. ಒಂದೇ ಚೌಕಟ್ಟಿನಲ್ಲಿ ಆಂಧ್ರದ ಮುಂದಿನ ಮುಖ್ಯಮಂತ್ರಿ, ಮತ್ತು ತಮಿಳುನಾಡಿನ ಮುಂದಿನ ಮುಖ್ಯಮಂತ್ರಿಯ ತಾಯಿ. ಆ ಚಿತ್ರ ತೆರೆಗೆ ಬಂದ ವರ್ಷ ಒಂಬತ್ತರ ಅಮ್ಮು ಇನ್ನೂ ಮದ್ರಾಸು ಸೇರಿಲ್ಲ. ಮರುವರ್ಷ ಪದ್ಮವಲ್ಲಿಗೆ ಮದುವೆಯಾಗುತ್ತದೆ. ಆಗ ಹುಡುಗಿ ತಾಯಿಯ ಬಳಿ ಹೋಗುತ್ತಾಳೆ. ಚರ್ಚ್ ಪಾರ್ಕ್ ಶಾಲೆಯಲ್ಲಿ ಓದಿನಲ್ಲಿ ಎಲ್ಲರಿಗಿಂತ ಮುಂದೆ. ಅವಳಿಗೆ ಬೇಕಿದ್ದದ್ದು ಓದು. ಮನೆಗೆ ಬೇಕಿದ್ದದ್ದು ದುಡ್ಡು. ಸಂಧ್ಯಾಗೆ ಪಾತ್ರಗಳು ಕಡಿಮೆಯಾಗುತ್ತಿವೆ.

1964ಕ್ಕೆ ಬನ್ನಿ, ಮೈಸೂರಿಗೇ ಬನ್ನಿ. ಟಾಕೀಸಿನ ಗಾಂಧಿ ಕ್ಲಾಸಿನ ಬೆಂಚಿನಲ್ಲಿ ಜಾಗ ಮಾಡಿಕೊಳ್ಳಿ. ಬೀಡಿ ಹೊಗೆಯ ನಡುವೆ ಕಪ್ಪುಬಿಳುಪಿನ ಬೆಳಕು. ಚಿತ್ರ 'ಚಿನ್ನದ ಗೊಂಬೆ', ನಿರ್ದೇಶನ ಬಿ.ಆರ್. ಪಂತುಲು. 'ಸ್ಕೂಲ್ ಮಾಸ್ಟರ್', 'ಕಿತ್ತೂರು ಚೆನ್ನಮ್ಮ' ಕೊಟ್ಟ ನಮ್ಮ ಕೋಲಾರ ಸೀಮೆಯ ಪಂತುಲು. ಬೇಸಿಗೆ ರಜೆಯಲ್ಲೇ ಚಿತ್ರೀಕರಣ ಮುಗಿಸುತ್ತೇನೆ, ಮಗಳ ಓದಿಗೆ ತೊಂದರೆಯಾಗದು ಎಂದು ಸಂಧ್ಯಾಗೆ ಮಾತು ಕೊಟ್ಟು ಅವರು ಈ ಹುಡುಗಿಯನ್ನು ಕರೆತಂದಿದ್ದಾರೆ. ನಾಯಕ ಕಲ್ಯಾಣ್‌ಕುಮಾರ್. ಪರದೆಯ ಮೇಲೆ ಹದಿನಾರರ ಹುಡುಗಿ, ದುಂಡು ಮುಖ, ಚುರುಕು ಕಣ್ಣು. ಮುಂದಿನ ಸಾಲಿನಿಂದ ಶಿಳ್ಳೆ ಬೀಳುತ್ತದೆ. ಜಯಲಲಿತಾ ನಾಯಕಿಯಾಗಿ ಮೊದಲು ತೆರೆಗೆ ಬಂದದ್ದು ಕನ್ನಡದಲ್ಲಿ. ತಮಿಳಿನ 'ವೆಣ್ಣಿರ ಆಡೈ' ಬಂದದ್ದು ಮರುವರ್ಷ. ಅದೇ ವರ್ಷ 'ಆಯಿರತ್ತಿಲ್ ಒರುವನ್' ಚಿತ್ರದಲ್ಲಿ ಅವರನ್ನು ಮೊದಲ ಬಾರಿ ಎಂ.ಜಿ.ಆರ್. ಎದುರು ನಿಲ್ಲಿಸಿದವರೂ ಪಂತುಲು ಅವರೇ. ನಡುವೆ 'ಮನೆ ಅಳಿಯ', 'ಮಾವನ ಮಗಳು', 'ಬದುಕುವ ದಾರಿ' ಎಂದು ಕೆಲವು ಕನ್ನಡ ಚಿತ್ರಗಳು. ಆಮೇಲೆ ಕನ್ನಡದ ದಾರಿ ಮುಚ್ಚಿತು.

ಮುಚ್ಚಿದ ಬಾಗಿಲಿಗೆ ನಾವೇ ಅಗುಳಿ ಹಾಕಿದ ದಿನವೊಂದಿದೆ. 1970ರ ದಶಕದ ಆರಂಭ, ಮೈಸೂರಿನ ಸ್ಟುಡಿಯೊ. ಪಂತುಲು ಅವರದೇ 'ಗಂಗಾ ಗೌರಿ' ಚಿತ್ರೀಕರಣ. ತಾಯಿ ಸಂಧ್ಯಾ 1971ರಲ್ಲಿ ತೀರಿಕೊಂಡಿದ್ದಾರೆ, ಮಗಳು ಒಂಟಿ. ತಾನು ತಮಿಳರವಳು ಎಂದು ಪತ್ರಿಕೆಯೊಂದಕ್ಕೆ ಹೇಳಿದ್ದಾರೆಂದು ಕನ್ನಡ ಹೋರಾಟಗಾರರ ಗುಂಪು ಒಳನುಗ್ಗಿದೆ. ಗೇಟಿನ ಸದ್ದು, ಓಡುವ ಲೈಟ್‌ಬಾಯ್‌ಗಳು, ಕೂಗು. ಕ್ಷಮೆ ಕೇಳು, ಕನ್ನಡತಿ ಎಂದು ಒಪ್ಪಿಕೋ. ನೀವು ಸೆಟ್ಟಿನ ಹಲಗೆಯ ಹಿಂದೆ ಒತ್ತಿಕೊಂಡು ನಿಂತಿದ್ದೀರಿ. ಸುತ್ತಲಿನವರು ಒಂದು ಮಾತು ಹೇಳಿ ಮುಗಿಸಿಬಿಡಿ ಎನ್ನುವಂತೆ ನೋಡುತ್ತಿದ್ದಾರೆ. ಅವರು ಹೇಳುವುದಿಲ್ಲ. ತಪ್ಪು ಮಾಡಿಲ್ಲ, ಕ್ಷಮೆ ಏಕೆ?

ಕನ್ನಡದ ಮೇಲಿನ ಪ್ರೀತಿ ನನಗೂ ಇದೆ, ಹಾಗಾಗಿಯೇ ಈ ಮಾತು. ಅಯ್ಯಂಗಾರರ ಮನೆಯಲ್ಲಿ ಹುಟ್ಟಿ, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಡಿ ಬೆಳೆದವಳು ತನ್ನನ್ನು ಏನೆಂದು ಕರೆದುಕೊಳ್ಳಬೇಕು ಎಂಬುದು ಅವಳಿಗೆ ಸೇರಿದ್ದು. ವೇದವಲ್ಲಿ ಎರಡು ಮಕ್ಕಳ ಹೊಟ್ಟೆಗೆ ದಾರಿ ಹುಡುಕಿಕೊಂಡು ಮದ್ರಾಸಿಗೆ ಹೊರಟಾಗ ಈ ಊರಿನಿಂದ ಯಾವ ಗುಂಪೂ ಹೋಗಿ ಇಲ್ಲೇ ಇರಿ ಎಂದು ಕೇಳಿರಲಿಲ್ಲ. ಬೆದರಿಸಿ ಪಡೆದ ಒಪ್ಪಿಗೆಯಿಂದ ಕನ್ನಡಕ್ಕೆ ಏನು ಸಿಗುತ್ತಿತ್ತು?

ಮುಂದಿನದು ಎಲ್ಲರೂ ಬಲ್ಲ ಕಥೆ. 28 ಚಿತ್ರಗಳಲ್ಲಿ ಎಂ.ಜಿ.ಆರ್. ಜೋಡಿ, 1982ರಲ್ಲಿ ಅವರ ಪಕ್ಷಕ್ಕೆ, 1984ರಲ್ಲಿ ರಾಜ್ಯಸಭೆಗೆ. ಆದರೆ 1987ರ ಡಿಸೆಂಬರ್ ಕೊನೆಯ ಆ ಎರಡು ದಿನ ರಾಜಾಜಿ ಹಾಲ್‌ನಲ್ಲಿ ನಿಲ್ಲದೆ ಹೋಗಬೇಡಿ. ಎಂ.ಜಿ.ಆರ್. ಶವದ ತಲೆಯ ಬಳಿ ಅವರು ಗಂಟೆಗಟ್ಟಲೆ ನಿಂತೇ ಇದ್ದಾರೆ, ಕೂರುವುದಿಲ್ಲ. ಕೊನೆಗೆ ಮೆರವಣಿಗೆಯ ವಾಹನ ಹತ್ತಿದಾಗ ಕೆಳಕ್ಕೆ ತಳ್ಳಲಾಗುತ್ತದೆ. 1989ರ ಮಾರ್ಚ್ 25ರಂದು ವಿಧಾನಸಭೆಯಲ್ಲಿ ಗದ್ದಲ. ತಲೆಗೂದಲು ಕೆದರಿ, ಸೀರೆ ಹರಿದು ಹೊರಬಂದ ಪ್ರತಿಪಕ್ಷದ ನಾಯಕಿ ಮುಖ್ಯಮಂತ್ರಿಯಾಗಿಯೇ ಈ ಸಭೆಗೆ ಮರಳುತ್ತೇನೆ ಎನ್ನುತ್ತಾರೆ. 1991ರ ಜೂನ್ 24ರಂದು ಮರಳುತ್ತಾರೆ. ಮರುದಿನವೇ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ, ತಮಿಳುನಾಡಿಗೆ 205 ಟಿಎಂಸಿ. ಮಂಡ್ಯದ ಮಗಳು ಮಂಡ್ಯದ ಎದುರಾಳಿಯಾಗಿ ಅಧಿಕಾರ ಶುರುಮಾಡಿದ್ದು ಹೀಗೆ. 1993ರ ಜುಲೈಯಲ್ಲಿ ಆ ನೀರಿಗಾಗಿ ಮರೀನಾದಲ್ಲಿ ಉಪವಾಸ ಕೂತರು. ತಂಜಾವೂರಿನ ರೈತನ ಕಣ್ಣಿನಿಂದ ನೋಡಿದರೆ ಅವರು ಮಾಡಿದ್ದು ತಪ್ಪೆಂದು ನನಗೆ ಹೇಳಲಾಗದು, ಮದ್ದೂರಿನ ರೈತನ ಸಂಕಟ ಗೊತ್ತಿದ್ದೂ.

ಬೆಂಗಳೂರು ಅವರನ್ನು ಇನ್ನೊಮ್ಮೆ ಕಂಡದ್ದು ಕಟಕಟೆಯಲ್ಲಿ. 2014ರ ಸೆಪ್ಟೆಂಬರ್ 27, ಪರಪ್ಪನ ಅಗ್ರಹಾರ. ಹೊಸೂರು ರಸ್ತೆಯ ಪೊಲೀಸ್ ಬ್ಯಾರಿಕೇಡಿನ ಈಚೆ ನೀವಿದ್ದೀರಿ. ಗಡಿ ದಾಟಿ ಬಂದ ಹೆಂಗಸರು ರಸ್ತೆಯಲ್ಲೇ ಕೂತು ಎದೆ ಬಡಿದುಕೊಳ್ಳುತ್ತಿದ್ದಾರೆ. ನ್ಯಾಯ ಪಕ್ಷಪಾತವಿಲ್ಲದೆ ನಡೆಯಲಿ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಈ ಮೊಕದ್ದಮೆಯನ್ನು ಕರ್ನಾಟಕಕ್ಕೆ ಕಳಿಸಿತ್ತು. ಒಳಗೆ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ತೀರ್ಪು ಓದುತ್ತಾರೆ: ಆದಾಯಕ್ಕೆ ಮೀರಿದ ಆಸ್ತಿ, ನಾಲ್ಕು ವರ್ಷ ಜೈಲು, 100 ಕೋಟಿ ದಂಡ. ಅಧಿಕಾರದಲ್ಲಿದ್ದಾಗಲೇ ಶಿಕ್ಷೆಯಾಗಿ ಕುರ್ಚಿ ಕಳೆದುಕೊಂಡ ಮೊದಲ ಮುಖ್ಯಮಂತ್ರಿ. ಹೈಕೋರ್ಟ್ 2015ರಲ್ಲಿ ಬಿಡುಗಡೆ ಮಾಡಿತು ನಿಜ; ಆದರೆ ಅವರು ಸತ್ತ ಮೇಲೆ, 2017ರ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟ್ ಕುನ್ಹಾ ಅವರ ತೀರ್ಪನ್ನೇ ಎತ್ತಿಹಿಡಿದು ಉಳಿದ ಆರೋಪಿಗಳನ್ನು ಜೈಲಿಗೆ ಕಳಿಸಿತು. ಟೈಪಿಂಗ್ ಕೋಣೆಯಿಂದ ಎದ್ದ ಮನೆ ಬಂಗಾರದ ರಾಶಿಯಲ್ಲಿ ಬಂದು ನಿಂತದ್ದು ನೋಡಿದರೆ ಎದೆ ಭಾರವಾಗುತ್ತದೆ. ಪೊಯಸ್ ಗಾರ್ಡನ್ನಿನ ಅವರ ಬಂಗಲೆಗೆ ಹೆಸರು ತಾಯಿಯದೇ: ವೇದ ನಿಲಯಂ.

ಅದೇ ಹೆಂಗಸು ಒಂದು ರೂಪಾಯಿಗೆ ಇಡ್ಲಿ ಕೊಟ್ಟದ್ದೂ ಸುಳ್ಳಲ್ಲ. 2013ರಲ್ಲಿ ಶುರುವಾದ ಅಮ್ಮ ಉಣವಗಂ ಚೆನ್ನೈಯ ಕೂಲಿಯವರ ಹೊಟ್ಟೆ ತುಂಬಿಸಿತು. ಅದನ್ನು ನೋಡಿಯೇ ಸಿದ್ದರಾಮನಹುಂಡಿಯ ಮುಖ್ಯಮಂತ್ರಿ 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನ್ ತೆರೆದರು. ನೀರಿಗೆ ಜಗಳ ಆಡಿದವರು ಅನ್ನದ ಉಪಾಯ ಪಡೆದುಕೊಂಡರು. ನನಗೆ ಇದು ದೊಡ್ಡ ಸಂಗತಿ.

ಮತ್ತೆ ಆ ಸೋಮವಾರದ ರಾತ್ರಿ. ಹನ್ನೆರಡು ಹೊಡೆದಾಗಿದೆ. ಈ ಸಲ ಸುದ್ದಿ ನಿಜ: ಹನ್ನೊಂದೂವರೆಗೆ ಹೋದರು. ಬಾವುಟ ಇಳಿದದ್ದು ಮೇಲೇಳಲಿಲ್ಲ. ಮರುದಿನ ಶವ ಅದೇ ರಾಜಾಜಿ ಹಾಲ್‌ನಲ್ಲಿ. ಸಂಜೆ ಮರೀನಾದಲ್ಲಿ, ಎಂ.ಜಿ.ಆರ್. ಸಮಾಧಿಯ ಬಳಿ, ಗಂಧದ ಪೆಟ್ಟಿಗೆಯಲ್ಲಿ ಮಣ್ಣು. ಅಣ್ಣಾದೊರೈ, ಎಂ.ಜಿ.ಆರ್. ಇಬ್ಬರನ್ನೂ ಹೂತ ಮರಳು ಅದು, ದ್ರಾವಿಡ ಚಳವಳಿಯ ನೆಲ. ಅಲ್ಲಿ ಅವರಿಗೆ ಜಾಗ ಸಿಕ್ಕಿತು.

ಡಿಸೆಂಬರ್ 13. ನೀವೀಗ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿದ್ದೀರಿ. ಇಲ್ಲಿ ಕಾವೇರಿ ಪಶ್ಚಿಮಕ್ಕೆ ತಿರುಗುತ್ತಾಳೆಂದು ಅಸ್ಥಿ ಬಿಡಲು ಜನ ಹುಡುಕಿಕೊಂಡು ಬರುತ್ತಾರೆ. ಮೇಲೆ ಆದಿರಂಗನ ಊರು. ಇದೇ ಹೊಳೆಯ ಗುಂಟ ಹೋದರೆ ಅಂತ್ಯರಂಗನ ಶ್ರೀರಂಗ. ಜಯಲಲಿತಾರ ಅಮ್ಮನ ಕಡೆಯ ಊರು ಅದು, 2011ರಲ್ಲಿ ಅವರು ಗೆದ್ದ ಕ್ಷೇತ್ರವೂ ಅದೇ. ಬರಗಾಲದ ವರ್ಷ, ಬಂಡೆಗಳು ಎದ್ದು ಕಾಣುತ್ತಿವೆ. ತಂದೆಯ ಕಡೆಯ ಬಂಧುಗಳೆಂದು ಹೇಳಿಕೊಂಡವರು ಅರ್ಚಕರನ್ನು ಕೂರಿಸಿಕೊಂಡು, ದೇಹದ ಬದಲು ಬೊಂಬೆಯೊಂದನ್ನಿಟ್ಟು ದಹನ ಸಂಸ್ಕಾರ ನಡೆಸುತ್ತಿದ್ದಾರೆ. ಕ್ಯಾಮೆರಾಗಳು, ನೂಕುನುಗ್ಗಲು, ತುಪ್ಪದ ಹೊಗೆ.

ಸ್ನಾನಕ್ಕೆಂದು ಬಂದ ಹಳ್ಳಿಯ ಅಜ್ಜಿಯೊಬ್ಬರು ನಿಮ್ಮ ತೋಳು ಹಿಡಿಯುತ್ತಾರೆ.

"ಯಾರ್ಗಪ್ಪ ಇದು?"

"ಜಯಲಲಿತಾ ಅವರಿಗೆ ಅಜ್ಜಿ."

"ಅಲ್ಲೇ ಹೂತವ್ರೆ ಅಂತ ಟೀವೀಲಿ ತೋರ್ಸುದ್ರಲ್ಲ?"

"ಹೂತಿದ್ದಾರೆ. ಅಯ್ಯಂಗಾರರ ಸಂಪ್ರದಾಯದಲ್ಲಿ ದಹನ ಆಗಬೇಕಿತ್ತು ಅಂತ ಇವರು ಮಾಡಿಸ್ತಿದ್ದಾರೆ, ತಂದೆ ಕಡೆಯವರು."

"ಅಪ್ಪ ಇದ್ನಾ?"

"ಎರಡು ವರ್ಷದ ಮಗು ಆಗಿದ್ದಾಗಲೇ ಹೋಗಿಬಿಟ್ರು. ಸಾಕಿದ್ದು ಅಮ್ಮ. ಟೈಪಿಂಗ್ ಕಲ್ತು, ಕೆಲಸಕ್ಕೆ ಸೇರಿ, ಆಮೇಲೆ ಸಿನಿಮಾದಲ್ಲಿ ಪಾತ್ರ ಮಾಡಿ."

"ಆ ಕಾಲ್ದಲ್ಲಾ? ಎರಡು ಮಕ್ಳು ಕಟ್ಕಂಡು?" ಅಜ್ಜಿ ಹೊಗೆಯ ಕಡೆ ತಿರುಗುತ್ತಾರೆ. "ಆ ತಾಯಿ ಹೆಸ್ರು ಹೇಳುದ್ರಾ ಐನೋರು?"

ಮಂತ್ರ ನಡೆಯುತ್ತಿದೆ, ನೀವು ನಿಂತಲ್ಲಿಗೆ ಹೆಸರುಗಳು ಬಿಡಿಯಾಗಿ ಕೇಳುತ್ತಿಲ್ಲ. ವೇದವಲ್ಲಿ ಅಂತ ಅವರ ಹೆಸರು, ಎನ್ನುತ್ತೀರಿ. ಅಜ್ಜಿ ಅದನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡು, ಕ್ಯಾಮೆರಾದವರನ್ನು ಮೊಣಕೈಯಿಂದ ಸರಿಸುತ್ತ ಅರ್ಚಕರ ಕಡೆಗೆ ನಡೆಯುತ್ತಾರೆ, ಕೇಳಿಯೇ ಬಿಡೋಣ ಎಂದು.